ಹಿಂದುಳಿದ ಪ್ರದೇಶಗಳ ಅನುದಾನ: ಅಳತೆಯ ಗೆರೆಯ ಪ್ರಶ್ನೆ

ವಿಶಾಖಪಟ್ಟಣದಿಂದ ಭೀಮಿಲಿಯ ಕಡೆಗೆ ಸಾಗುವ ಕಡಲದಂಡೆಯ ಹಾದಿಯಲ್ಲಿ ಋಷಿಕೊಂಡ ಎದುರಾಗುತ್ತದೆ. ಕೆಳಗೆ 2020ರಲ್ಲಿ ಅಂತಾರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಪಡೆದ ಕಡಲತೀರ; ಸುತ್ತಲಿನ ಗುಡ್ಡಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಟ್ಟಡಗಳು; ಸಮೀಪದಲ್ಲಿಯೇ ವಿಶ್ವವಿದ್ಯಾಲಯ. 2021ರ ಅನಂತರ ಗುಡ್ಡದ ಮೇಲೆ ಪ್ರವಾಸೋದ್ಯಮದ ಹೆಸರಿನಲ್ಲಿ 400 ಕೋಟಿ ರೂಪಾಯಿಗೂ ಮಿಕ್ಕ ಸರ್ಕಾರಿ ವೆಚ್ಚದಿಂದ ಎದ್ದ ಭವನಗಳು ದೊಡ್ಡ ವಿವಾದಕ್ಕೆ ಎಡೆಮಾಡಿದವು. ಆ ವಿವಾದದ ರಾಜಕೀಯ ಇಲ್ಲಿ ಪ್ರಸ್ತುತವಲ್ಲ. ಗಮನಿಸಬೇಕಾದ ಸಂಗತಿ ಬೇರೆಯದು: 2014ರಲ್ಲಿ ಆಂಧ್ರಪ್ರದೇಶದ ಪುನರ್ವಿಂಗಡಣೆಯಾದಾಗ, ವಿಶೇಷ ಅಭಿವೃದ್ಧಿ ಅನುದಾನಕ್ಕೆ ಅರ್ಹವೆನಿಸಿದ ಹಿಂದುಳಿದ ಪ್ರದೇಶದ ಒಳಗೇ ಈ ಋಷಿಕೊಂಡವೂ ಇತ್ತು. ಅದೇ ಜಿಲ್ಲೆಯ ಮತ್ತೊಂದು ತುದಿಯಲ್ಲಿ, ಪೂರ್ವಘಟ್ಟಗಳ ಮೇಲೆ, ಪಾಡೇರು ಮತ್ತು ಅರಕು ಸೀಮೆಯ ಗಿರಿಜನರ ಹಳ್ಳಿಗಳಿದ್ದವು. ಬಂದರು, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ನಗರಕ್ಕೂ ಆ ಹಳ್ಳಿಗಳಿಗೂ ಕಡತದಲ್ಲಿದ್ದುದು ಒಂದೇ ಹೆಸರು: ವಿಶಾಖಪಟ್ಟಣ ಜಿಲ್ಲೆ.

ಒಂದು ಪ್ರದೇಶಕ್ಕೆ ಎಷ್ಟು ಹಣ ಸಲ್ಲಬೇಕೆಂಬ ಪ್ರಶ್ನೆ ಸಾಮಾನ್ಯವಾಗಿ ಚರ್ಚೆಗೆ ಬರುತ್ತದೆ; ಆದರೆ 'ಪ್ರದೇಶ'ವೆಂದರೆ ಯಾವುದು ಎಂಬ ಪ್ರಶ್ನೆ ಅದಕ್ಕಿಂತ ಮೊದಲೇ, ಹೆಚ್ಚಿನ ಚರ್ಚೆಯಿಲ್ಲದೆ, ತೀರ್ಮಾನವಾಗಿಬಿಟ್ಟಿರುತ್ತದೆ. ಅನುದಾನ ಯಾರ ಮನೆ ಬಾಗಿಲಿಗೆ ತಲುಪುತ್ತದೆಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಎರಡನೆಯ ತೀರ್ಮಾನವೇ.

'ಹಿಂದುಳಿದ' ಎಂಬ ಪದವೇ ಇಲ್ಲಿ ಸ್ವಲ್ಪ ವಿವೇಚನೆಯನ್ನು ಬಯಸುತ್ತದೆ. ಕನ್ನಡದಲ್ಲಿ ನೆಲ ಹಿಂದೆ 'ಉಳಿಯುತ್ತದೆ'. ತೆಲುಗಿನ 'ವೆನುಕಬಡಿನ' ಎಂಬ ರೂಪದಲ್ಲಿ ಅದು ಹಿಂದೆ 'ಬೀಳುತ್ತದೆ'. ಎರಡೂ ಅಕರ್ಮಕ ಕ್ರಿಯೆಗಳು. ಉಳಿಸಿದವರು ಯಾರು, ಬೀಳಿಸಿದವರು ಯಾರು ಎಂಬುದಕ್ಕೆ ವ್ಯಾಕರಣದಲ್ಲಿ ಸ್ಥಾನವಿಲ್ಲ. ಇತಿಹಾಸದಲ್ಲಿ ಮಾತ್ರ ಇದೆ. ಧವಳೇಶ್ವರದಲ್ಲಿ ಗೋದಾವರಿಗೆ 1852ರಲ್ಲಿ, ವಿಜಯವಾಡದಲ್ಲಿ ಕೃಷ್ಣೆಗೆ 1855ರಲ್ಲಿ ಅಣೆಕಟ್ಟುಗಳು ಪೂರ್ಣಗೊಂಡವು. ಕಂಪನಿ ಸರ್ಕಾರದ ಹಣದಿಂದ ನಡೆದ ಈ ಕೆಲಸಗಳು ಮುಖಜ ಭೂಮಿಯನ್ನು ಬತ್ತದ ಕಣಜವಾಗಿಸಿದವು. ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ 'ದತ್ತಮಂಡಲ'ದ ಕಡೆ ನೀರಾವರಿಯ ದೊಡ್ಡ ಯತ್ನವಾದ ಕರ್ನೂಲು-ಕಡಪ ಕಾಲುವೆ ಖಾಸಗಿ ಕಂಪನಿಯೊಂದರ ಪಾಲಾಯಿತು. ನಷ್ಟದಲ್ಲಿ ಮುಳುಗಿದ ಅದನ್ನು 1882ರಲ್ಲಿ ಸರ್ಕಾರವೇ ಕೊಳ್ಳಬೇಕಾಯಿತು. ದತ್ತಮಂಡಲಕ್ಕೆ 1928ರಲ್ಲಿ ರಾಯಲಸೀಮೆ ಎಂಬ ಗೌರವದ ಹೆಸರು ಬಂದಿತು. 1937ರ ಶ್ರೀಬಾಗ್ ಒಪ್ಪಂದದಲ್ಲಿ ನದಿನೀರಿನ ಆದ್ಯತೆಯ ಭರವಸೆಯೂ ದೊರೆಯಿತು. ಭರವಸೆ ಈಡೇರಿದುದು ಅಲ್ಪವೆಂಬ ಕೊರಗು ಆ ಸೀಮೆಯ ಸಾರ್ವಜನಿಕ ಜೀವನದಲ್ಲಿ ಇಂದಿಗೂ ಇದೆ.

ಈ ಹಿನ್ನೆಲೆಯಲ್ಲಿ 2014ರ ಪುನರ್ವಿಂಗಡಣಾ ಕಾಯಿದೆ ರಾಯಲಸೀಮೆಗೂ ಉತ್ತರ ಕರಾವಳಿ ಆಂಧ್ರಕ್ಕೂ ವಿಶೇಷ ನೆರವಿನ ಮಾತನ್ನಾಡಿತು. ಒಡಿಶಾದ ಕೋರಾಪುಟ್-ಬಲಾಂಗೀರ್-ಕಾಳಾಹಂಡಿ ಯೋಜನೆ ಮತ್ತು ಬುಂದೇಲಖಂಡದ ವಿಶೇಷ ನೆರವು ಮಾದರಿಗಳೆಂದು ಆಗ ಸಂಸತ್ತಿನಲ್ಲಿ ಹೇಳಲಾಗಿತ್ತು. ಕಾರ್ಯರೂಪಕ್ಕೆ ಬಂದುದು ಏಳು ಜಿಲ್ಲೆಗಳಿಗೆ ತಲಾ 50 ಕೋಟಿಯಂತೆ ವರ್ಷಕ್ಕೆ 350 ಕೋಟಿ ರೂಪಾಯಿ. ಮೂರು ವರ್ಷಗಳಲ್ಲಿ 1,050 ಕೋಟಿ ಬಿಡುಗಡೆಯಾಯಿತು. 2018ರ ಫೆಬ್ರವರಿಯಲ್ಲಿ ಬಂದ ಮತ್ತೊಂದು ಕಂತು ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಏಳು ಜಿಲ್ಲೆಗಳ ಒಂದು ವರ್ಷದ ಪಾಲು ಋಷಿಕೊಂಡದ ಒಂದು ಗುಡ್ಡದ ಮೇಲಿನ ವೆಚ್ಚಕ್ಕಿಂತ ಕಡಿಮೆ ಎಂಬುದು ಆಕಸ್ಮಿಕ ಹೋಲಿಕೆಯಾದರೂ ಮನಸ್ಸಿನಲ್ಲಿ ನಿಲ್ಲುವಂಥದು.

ಮೊತ್ತಕ್ಕಿಂತಲೂ ಹಂಚಿಕೆಯ ರೀತಿ ಹೆಚ್ಚು ವಿಚಾರಾರ್ಹ. ಅನಂತಪುರಕ್ಕೂ 50 ಕೋಟಿ, ವಿಶಾಖಪಟ್ಟಣಕ್ಕೂ 50 ಕೋಟಿ. ವಿಸ್ತೀರ್ಣ, ಜನಸಂಖ್ಯೆ, ಮಳೆ, ಸಾಕ್ಷರತೆ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. 2006-07ರಲ್ಲಿ ಕೇಂದ್ರ ಸರ್ಕಾರ ದೇಶದ 250 ಜಿಲ್ಲೆಗಳಿಗಾಗಿ ಆರಂಭಿಸಿದ ಹಿಂದುಳಿದ ಪ್ರದೇಶಗಳ ಅನುದಾನ ನಿಧಿ ಇದಕ್ಕಿಂತ ಕೊಂಚ ಸೂಕ್ಷ್ಮವಾಗಿತ್ತು. ಅಲ್ಲಿ ಪ್ರತಿ ಜಿಲ್ಲೆಗೂ ವರ್ಷಕ್ಕೆ ಕನಿಷ್ಠ 10 ಕೋಟಿ. ಮಿಕ್ಕ ಹಣದ ಅರ್ಧ ಜನಸಂಖ್ಯೆಯ ಮೇಲೆ, ಅರ್ಧ ವಿಸ್ತೀರ್ಣದ ಮೇಲೆ. ಆದರೂ ಆ ನಿಧಿಯ ಘಟಕವೂ ಜಿಲ್ಲೆಯೇ ಆಗಿತ್ತು. ಜಿಲ್ಲೆಯೊಂದರ ಸರಾಸರಿಯಲ್ಲಿ ಬಂದರಿನ ವರಮಾನವೂ ಬೆಟ್ಟದ ಬಡತನವೂ ಬೆರೆತುಹೋಗುತ್ತವೆ. 2022ರ ಏಪ್ರಿಲ್‌ನಲ್ಲಿ ಪಾಡೇರು ಕೇಂದ್ರವಾಗಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆ ರಚಿತವಾದಾಗ ಈ ಬೆರಕೆ ಕಡತದಲ್ಲಿ ಬಿಡಿಸಿಕೊಂಡಿತು. ಅಷ್ಟು ಹೊತ್ತಿಗೆ ಅನುದಾನದ ಕಂತುಗಳು ನಿಂತಿದ್ದವು.

ಕರ್ನಾಟಕದಲ್ಲಿ ಇದೇ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಎದುರಿಸಿದವರು ಅರ್ಥಶಾಸ್ತ್ರಜ್ಞ ಡಿ. ಎಂ. ನಂಜುಂಡಪ್ಪನವರು. ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕಗೊಂಡ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಸಲ್ಲಿಸಿತು. ಸಮಿತಿಯ ಮುಖ್ಯ ಸಾಧನೆಯೆಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿದುದು. ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ಬ್ಯಾಂಕು ಮುಂತಾದವುಗಳಿಗೆ ಸಂಬಂಧಿಸಿದ 35 ಸೂಚಕಗಳಿಂದ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕವನ್ನು ಕಟ್ಟಲಾಯಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿನದು ಹಿಂದುಳಿದುದು. 175 ತಾಲ್ಲೂಕುಗಳಲ್ಲಿ 114 ಈ ಗೆರೆಯ ಕೆಳಗೆ ಬಂದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ಯೋಜನೆಯನ್ನು ಸಮಿತಿ ಸೂಚಿಸಿತು. ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ. ಯೋಜನೆ 2007-08ರಲ್ಲಿ ಆರಂಭವಾಯಿತು. ಉತ್ತರ ಕರ್ನಾಟಕದ ಕೂಗಿಗೆ ಅಂಕಿಸಂಖ್ಯೆಯ ಬಲ ಒದಗಿದ್ದು ಈ ವರದಿಯಿಂದ. ಜೊತೆಗೆ ಕನಕಪುರ, ಮಾಗಡಿ, ಕುಣಿಗಲ್ಲುಗಳಂಥ, ರಾಜಧಾನಿಯ ನೆರೆಯ ತಾಲ್ಲೂಕುಗಳೂ ಅತ್ಯಂತ ಹಿಂದುಳಿದವೆಂದು ಹೇಳುವ ಧೈರ್ಯವೂ ಅದಕ್ಕಿತ್ತು. ಜಿಲ್ಲಾ ಸರಾಸರಿಯಲ್ಲಿ ಇಂಥವು ಕಣ್ಣಿಗೆ ಬೀಳುವುದೇ ಇಲ್ಲ.

ಅಳತೆಯ ಘಟಕದ ಮಹತ್ವ ಗಡಿಯಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ತುಮಕೂರು ಜಿಲ್ಲೆಯ ಪಾವಗಡವೂ ಆಂಧ್ರದ ಮಡಕಶಿರವೂ ಅಕ್ಕಪಕ್ಕದ ನೆಲಗಳು. ಎರಡೂ ಒಂದು ಕಾಲಕ್ಕೆ ನೊಳಂಬವಾಡಿಗೆ ಸೇರಿದವು. ಪಾವಗಡದಲ್ಲಿ ನಿಡುಗಲ್ಲು ದುರ್ಗವಿದ್ದರೆ, ಮಡಕಶಿರದ ಕಡೆ ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ತನ್ನ ದೇಗುಲಗಳೊಡನೆಯೂ ಕನ್ನಡ ಶಾಸನಗಳೊಡನೆಯೂ ನಿಂತಿದೆ. ಒಂದೇ ಮಳೆ, ಒಂದೇ ಬಗೆಯ ಕಡಲೆಕಾಯಿಯ ಬೇಸಾಯ. ಗಡಿಯ ಆಚೆಗೂ ಮನೆಮಾತು ಕನ್ನಡವಾಗಿರುವ ಊರುಗಳು. ಪಾವಗಡವನ್ನು ನಂಜುಂಡಪ್ಪ ಸಮಿತಿ ಪ್ರತ್ಯೇಕವಾಗಿ ಅಳೆದು ಅತ್ಯಂತ ಹಿಂದುಳಿದ ತಾಲ್ಲೂಕೆಂದು ಹೆಸರಿಸಿತು. ಮಡಕಶಿರ ಅನಂತಪುರವೆಂಬ ದೊಡ್ಡ ಜಿಲ್ಲೆಯ ಒಂದು ಮೂಲೆಯಾಗಿಯೇ ಎಣಿಕೆಗೆ ಬಂದಿತು. 2022ರಿಂದ ಅದು ಶ್ರೀಸತ್ಯಸಾಯಿ ಜಿಲ್ಲೆಯಲ್ಲಿದೆ, ಅಲ್ಲಿಯೂ ಮೂಲೆಯೇ.

ಪಾವಗಡಕ್ಕೂ ಎಲ್ಲವೂ ದೊರೆಯಿತೆಂದಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ 371-ಜೆ ವಿಧಿ ಮತ್ತೆ ತಾಲ್ಲೂಕನ್ನು ಬಿಟ್ಟು ಪ್ರದೇಶವನ್ನು ಹಿಡಿಯಿತು. ಹೈದರಾಬಾದ್ ಕರ್ನಾಟಕದ (2019ರಿಂದ ಕಲ್ಯಾಣ ಕರ್ನಾಟಕ) ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿ ದೊರೆತವು. ಮಂಡಳಿಯ ವಾರ್ಷಿಕ ಅನುದಾನ 1,500 ಕೋಟಿಯಿಂದ ಹಂತಹಂತವಾಗಿ ಏರಿ, 2023-24ರಲ್ಲಿ 5,000 ಕೋಟಿ ಘೋಷಿತವಾಯಿತು. ಗುಲಬರ್ಗಾ ವಿಭಾಗದ ಮೂರು ಮುಂದುವರಿದ ತಾಲ್ಲೂಕುಗಳು ಈ ಗೆರೆಯ ಒಳಗೆ. ಪಾವಗಡ, ಶಿರಾ, ಮಧುಗಿರಿಗಳು ಹೊರಗೆ. ಶತಮಾನಗಳ ಆಳ್ವಿಕೆಯ ಭೇದ, ಉರ್ದು ಮಾಧ್ಯಮದ ಶಾಲೆಗಳು, ಏಕೀಕರಣದ ಬಳಿಕ ನೌಕರಿಗಳಲ್ಲಾದ ಹಿನ್ನಡೆ ಇವುಗಳನ್ನು ತಾಲ್ಲೂಕಿನ ಸೂಚ್ಯಂಕ ಹಿಡಿಯಲಾರದೆಂಬ ವಾದದಲ್ಲಿ ಹುರುಳಿದೆ. ಎರಡು ಅಳತೆಗಳೂ ಬೇಕು; ಆದರೆ ಯಾವ ಕೊರತೆಗೆ ಯಾವ ಅಳತೆ ಎಂಬುದನ್ನು ಯೋಜನೆ ಬರೆಯುವವರು ಬಿಡಿಸಿ ಹೇಳಿದ್ದು ವಿರಳ. ನಂಜುಂಡಪ್ಪನವರ ಸೂಚ್ಯಂಕವನ್ನು ಎರಡು ದಶಕಗಳ ಕಾಲ ಹೊಸದಾಗಿ ಕಟ್ಟದೆ ಬಳಸಿದುದೂ ಅಷ್ಟೇ ದೊಡ್ಡ ಲೋಪ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾದುದು 2024ರಲ್ಲಿ.

ಹರಪನಹಳ್ಳಿಯ ಜನರಿಗೆ ಇದೆಲ್ಲ ಪುಸ್ತಕದ ಮಾತಾಗಿರಲಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದರೂ, 371-ಜೆ ಬಂದಾಗ ಅದು ಗೆರೆಯ ಹೊರಗೆ ನಿಂತಿತ್ತು. ಮಣ್ಣು, ಕೆರೆ, ಶಾಲೆ ಯಾವುದೂ ಬದಲಾಗಿರಲಿಲ್ಲ. ಬದಲಾದುದು ಜಿಲ್ಲೆಯ ಹೆಸರೊಂದೇ. ತಾಲ್ಲೂಕು ಚಳವಳಿಯ ಹಾದಿ ಹಿಡಿದು, ಮುಂದಿನ ವರ್ಷಗಳಲ್ಲಿ ವಿಶೇಷ ಸ್ಥಾನವನ್ನು ಪಡೆದು ಬಳ್ಳಾರಿಗೆ ಮರಳಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ.