ಕೀರ್ದಿಯೂ ಕಾದಿರುವ ಯಂತ್ರವೂ

ರೈಲಿನ ಟಿಕೆಟು, ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಅಂಕ ಇವೆಲ್ಲ ಇಂದು ಕಂಪ್ಯೂಟರಿನ ಡೇಟಾಬೇಸಿನಲ್ಲಿರುತ್ತವೆ. ಅದನ್ನು ಹೊತ್ತ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಆ ಯಂತ್ರವೇ ಕೆಟ್ಟರೆ ಗತಿಯೇನು? ಅದಕ್ಕಾಗಿ ಇನ್ನೊಂದು ಸರ್ವರನ್ನು ಸಿದ್ಧವಾಗಿಡುತ್ತಾರೆ. ಅದು ಕೆಲಸ ಮಾಡುವ ಬಗೆಯನ್ನು ನಾವು ತಿಳಿಯೋಣ.

ಅಂಗಡಿಯ ಲೆಕ್ಕದಲ್ಲಿ ಕೀರ್ದಿ, ಖಾತೆ ಎಂಬ ಎರಡು ಪುಸ್ತಕಗಳಿರುವುದನ್ನು ಹಿರಿಯರು ಬಲ್ಲರು. ದಿನದ ವ್ಯವಹಾರ ಮೊದಲು ಕೀರ್ದಿಗೆ, ಆಮೇಲೆ ಖಾತೆಗೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸೂ ಪ್ರತಿಯೊಂದು ಬದಲಾವಣೆಯನ್ನು ಮೊದಲು ತನ್ನ ಕೀರ್ದಿಯಲ್ಲಿ ಬರೆದುಕೊಳ್ಳುತ್ತದೆ. ಮುಖ್ಯ ಯಂತ್ರದ ಪೂರ್ಣ ಪ್ರತಿಯನ್ನು ಎರಡನೆಯದಕ್ಕೆ ಇಳಿಸಿ, ಬಳಿಕ ಕೀರ್ದಿಯ ಸಾಲುಗಳನ್ನು ಕಳುಹಿಸುತ್ತಿದ್ದರೆ ಎರಡರ ಖಾತೆಯೂ ಒಂದೇ ಆಗಿರುತ್ತದೆ. ೨೦೧೦ರಲ್ಲಿ ಬಂದ ೯.೦ನೆಯ ಆವೃತ್ತಿಯಿಂದ ಈ ರವಾನೆ ಎಡೆಬಿಡದೆ ನಡೆಯುವ ಏರ್ಪಾಡಿದೆ.

ರವಾನೆಯಲ್ಲಿ ಎರಡು ಕ್ರಮಗಳಿವೆ. ಎರಡನೆಯದು ‘ಬರೆದುಕೊಂಡೆ’ ಎಂದ ಮೇಲೆಯೇ ಮುಖ್ಯ ಯಂತ್ರ ನಮಗೆ ‘ಆಯಿತು’ ಎನ್ನುವುದು ಒಂದು. ಇದು ಕ್ಷೇಮ, ಆದರೆ ನಿಧಾನ. ಕಾಯದೆ ‘ಆಯಿತು’ ಎನ್ನುವುದು ಇನ್ನೊಂದು. ಇದು ವೇಗ, ಆದರೆ ಮುಖ್ಯ ಯಂತ್ರ ಥಟ್ಟನೆ ಕೆಟ್ಟರೆ ಕೊನೆಯ ಸಾಲುಗಳು ನಷ್ಟವಾಗಬಹುದು.

ಮುಖ್ಯ ಯಂತ್ರ ಕೆಟ್ಟಾಗ ಎರಡನೆಯದಕ್ಕೆ ಪಟ್ಟ ಕಟ್ಟುತ್ತಾರೆ. ಅದಕ್ಕೆ ಮೊದಲು ಹಳೆಯದು ನಿಜವಾಗಿ ನಿಂತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಎರಡೂ ಬೇರೆ ಬೇರೆ ಲೆಕ್ಕ ಬರೆಯತೊಡಗಿ, ಮುಂದೆ ತಾಳೆಯೇ ಆಗದು.

ಇಷ್ಟಿದ್ದರೆ ಸಾಕೆ? ಸಾಲದು. ಪ್ರೋಗ್ರಾಂಗಳನ್ನು ಇಟ್ಟುಕೊಳ್ಳುವ ತಾಣವನ್ನು ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ಎರಡನೆಯ ಯಂತ್ರ ಹಿಂದೆ ಬಿದ್ದಿತು. ಅದನ್ನು ಸರಿಪಡಿಸಹೊರಟ ಎಂಜಿನಿಯರೊಬ್ಬರು, ಅದರದೆಂದು ಭಾವಿಸಿ, ಮುಖ್ಯ ಯಂತ್ರದ ಡೇಟಾಬೇಸನ್ನೇ ಅಳಿಸಿದರು. ಎರಡನೆಯದು ಆಗ ಬರಿದಾಗಿತ್ತು. ದಿನವೂ ತೆಗೆಯಬೇಕಾಗಿದ್ದ ಪ್ರತ್ಯೇಕ ಪ್ರತಿಗಳು ವಿಫಲವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಸುಮಾರು ೬ ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಉಳಿದಿತ್ತು. ಅನಂತರದ ಬದಲಾವಣೆಗಳು ಡೇಟಾಬೇಸಿಗೆ ಮರಳಲಿಲ್ಲ. ಆ ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದುದು ಮೆಚ್ಚತಕ್ಕ ವಿಷಯ.

ಇನ್ನೊಂದು ಮಾತು. ಮುಖ್ಯ ಯಂತ್ರದಲ್ಲಿ ಒಂದು ಲೆಕ್ಕವನ್ನು ತಪ್ಪಿ ಅಳಿಸಿದರೆ, ಆ ಅಳಿಸಿದ ಸಾಲೂ ಕೀರ್ದಿಯೊಡನೆ ಎರಡನೆಯದಕ್ಕೆ ಹೋಗುತ್ತದೆ. ಆದುದರಿಂದ ಕಾದಿರುವ ಯಂತ್ರ ಬೇರೆ, ತೆಗೆದಿಟ್ಟ ಹಳೆಯ ಪ್ರತಿ ಬೇರೆ; ಎರಡೂ ಬೇಕು. ಎರಡನ್ನೂ ಆಗಾಗ ಬಳಸಿ ನೋಡಿರಬೇಕು. ಹಾಗೆ ನೋಡದಿದ್ದರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾದೀತು. ಮನೆಯಲ್ಲಿ ಜಮೀನಿನ ಕಾಗದ, ಅಂಕಪಟ್ಟಿಗಳ ಪ್ರತಿ ಇಟ್ಟಿರುವ ನಾವೂ ವರ್ಷಕ್ಕೊಮ್ಮೆಯಾದರೂ ಅವನ್ನು ತೆರೆದು, ಓದಲು ಬರುತ್ತವೆಯೇ ಎಂದು ನೋಡುವುದು ಒಳ್ಳೆಯದು.