ಕಿತ್ತಳೆಯ ಬಣ್ಣವೂ ರಾತ್ರಿಯ ಚಳಿಯೂ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹಸುರು ಸಿಪ್ಪೆಯ ಕಿತ್ತಳೆಯನ್ನು ಕಂಡು, ಇದು ಇನ್ನೂ ಕಾಯಿ ಎಂದು ಬಿಟ್ಟುಹೋಗುವವರುಂಟು. ಹೀಗೆ ತಿಳಿಯುವದು ಸರಿಯೋ ಎಂಬದನ್ನು ವಿಚಾರಿಸೋಣ.

ಎಲೆಯಲ್ಲಿರುವ ಹಸುರು ದ್ರವ್ಯವೇ ಕಾಯಿಯ ಸಿಪ್ಪೆಯಲ್ಲಿಯೂ ಇರುವದು. ಇದಕ್ಕೆ ಪತ್ರಹರಿತ್ತು ಎಂದು ಹೆಸರು. ರಾತ್ರಿಯ ಉಷ್ಣವು ಸುಮಾರು 13 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೆ ಇಳಿಯುತ್ತಾ ಬಂದರೆ ಈ ಹಸುರು ಅಳಿದು, ಕಿತ್ತಳೆ ಬಣ್ಣವು ಹೆಚ್ಚಿ ತೋರುವದು. ಆದದರಿಂದಲೇ ಚಳಿಯುಳ್ಳ ಸ್ಪೇನ್ ಮುಂತಾದ ದೇಶಗಳ ಹಣ್ಣು ಕೆಂಡದಂತೆ ಹೊಳೆಯುವದು. ಸಿಸಿಲಿ ದ್ವೀಪದ ಒಂದು ಜಾತಿಯಲ್ಲಿ ರಾತ್ರಿಯ ಚಳಿಯಿಂದ ಒಳಗಿನ ತೊಳೆಯೂ ರಕ್ತವರ್ಣವಾಗುವದು. ರಾತ್ರಿ ಬೆಚ್ಚಗಿರುವ ಸೀಮೆಗಳಲ್ಲಾದರೋ, ರಸವು ಸಿಹಿಯಾದ ಮೇಲೆಯೂ ಸಿಪ್ಪೆಯು ಹಸುರಾಗಿ ಉಳಿಯಬಹುದು.

ಕಾಫಿ ತೋಟಗಳಲ್ಲಿ ಬೆಳೆಯುವ, 2006ರಲ್ಲಿ ಭೌಗೋಳಿಕ ಗುರುತನ್ನು ಹೊಂದಿದ ಕೊಡಗಿನ ಕಿತ್ತಳೆಯೂ ಹೀಗೆಯೇ. ಚಳಿಗಾಲದ ಹಣ್ಣು ಚೆನ್ನಾಗಿ ಬಣ್ಣವೇರುವದು. ಬೆಚ್ಚಗಿನ ರಾತ್ರಿಗಳಲ್ಲಿ ಮಾಗಿದ್ದು ಹಸುರು ಬೆರೆತ ಹಳದಿಯಾಗಿರಬಹುದು.

ಇದನ್ನರಿಯದೆ ಬೆಳೆಗಾರನು ಬಣ್ಣಕ್ಕೋಸ್ಕರ ಮರದಲ್ಲಿ ಬಹು ದಿನ ಬಿಟ್ಟರೆ ಸಿಪ್ಪೆ ಉಬ್ಬಿ, ತೊಳೆ ಒಣಗುವದು. ಹಸುರೆಂದು ಅಗ್ಗಕ್ಕೆ ಕೊಟ್ಟರೂ ಅವನ ಶ್ರಮಕ್ಕೆ ತಕ್ಕ ಫಲ ಸಿಕ್ಕದು. ಆದದರಿಂದ ಹಣ್ಣನ್ನು ಕೈಯಲ್ಲಿ ತೂಗಿ ನೋಡಿರಿ. ಒಂದನ್ನು ಸುಲಿದು ರುಚಿ ನೋಡಿರಿ. ಭಾರವೂ ರಸವೂ ಸಿಹಿಯೂ ಇದ್ದರೆ, ಸಿಪ್ಪೆ ಹಸುರಾಗಿದ್ದರೂ ಅದನ್ನು ಹಣ್ಣೆಂದೇ ತಿಳಿದು ತಕ್ಕ ಬೆಲೆಗೆ ಮಾರಿರಿ, ಕೊಳ್ಳಿರಿ.