ಹೊನ್ನಪುಡಿಯ ವಾಟಲ್

ನಮ್ಮ ಬಯಲುಸೀಮೆಯ ಕರಿಜಾಲಿಯ ಹಳದಿ ಹೂವನ್ನು ಬಲ್ಲವರಿಗೆ ಆಸ್ಟ್ರೇಲಿಯದ ವಾಟಲ್ ಗಿಡ ತೀರ ಅಪರಿಚಿತವೆನಿಸದು. ಎರಡೂ ಒಂದೇ ಜಾತಿಯವೆಂದು ಸಸ್ಯವಿಜ್ಞಾನಿಗಳು ಬಹುಕಾಲ ಎಣಿಸಿದ್ದರು. 2005ರ ವಿಯೆನ್ನಾ ಸಮ್ಮೇಳನದ ನಿರ್ಣಯದಿಂದ 'ಅಕೇಸಿಯ' ಎಂಬ ಹೆಸರು ಆಸ್ಟ್ರೇಲಿಯದ ಬಳಗಕ್ಕೆ ಉಳಿಯಿತು. ನಮ್ಮ ಕರಿಜಾಲಿ 'ವಚೆಲಿಯ' ಎನಿಸಿಕೊಂಡಿತು. ಆ ಬಳಗದಲ್ಲಿ ಸುಮಾರು ಸಾವಿರ ಪ್ರಭೇದಗಳುಂಟು. ಅವುಗಳ ಪೈಕಿ ಆಗ್ನೇಯ ಆಸ್ಟ್ರೇಲಿಯದ ಮನೆದೋಟಗಳಿಗೆ ಒಪ್ಪುವ 'ಅಕೇಸಿಯ ಅಸಿನೇಸಿಯ' ಎಂಬ ಪೊದೆಯನ್ನು ಇಲ್ಲಿ ಪರಿಶೀಲಿಸೋಣ. ಅಲ್ಲಿನ ಜನ ಅದನ್ನು 'ಹೊನ್ನಪುಡಿ' ಎಂಬರ್ಥದ ಹೆಸರಿನಿಂದ ಕರೆಯುವರು.

ಸಾಮಾನ್ಯವಾಗಿ ಆಳೆತ್ತರದ ಆಸುಪಾಸಿನಲ್ಲಿರುವ ಈ ಪೊದೆ, ಅಲ್ಲಿನ ಚಳಿಗಾಲ ಮುಗಿದು ವಸಂತ ತೊಡಗುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಮೈತುಂಬ ಹೂ ತಳೆಯುವುದು. ಒಂದೇ ಹೂವೆಂದು ತೋರುವ ಹಳದಿ ಚೆಂಡು ವಾಸ್ತವವಾಗಿ ಹಲವು ಕಿರುಹೂಗಳ ಗುಂಪು. ಆ ಬಣ್ಣವೂ ದಳಗಳದ್ದಲ್ಲ, ಕೇಸರಗಳದ್ದು.

ಬೆಳೆಸಹೊರಟವರಿಗೆ ಮೊದಲ ತೊಡಕು ಬೀಜದ ಕವಚ. ನೀರಿಳಿಯಗೊಡದ ಈ ಕವಚದಿಂದಾಗಿ ಬೀಜ ಮೊಳೆಯದೆ ವರ್ಷಗಟ್ಟಲೆ ನೆಲದಲ್ಲಿ ಬಿದ್ದಿರಬಲ್ಲುದು. ಕಾಡಿನಲ್ಲಿ ಕಿಚ್ಚಿನ ಕಾವು ಅದನ್ನು ಬಿರಿಯಿಸುವುದು. ತೋಟದಲ್ಲಿ ಕುದಿನೀರು ಸಾಕು. ಬೀಜಗಳನ್ನು ಬಟ್ಟಲಿನಲ್ಲಿರಿಸಿ, ಒಲೆಯಿಂದ ಇಳಿಸಿದ ಕುದಿನೀರನ್ನು ಸುರಿದು, ಇರುಳೆಲ್ಲ ಹಾಗೆಯೇ ಬಿಡಬೇಕು. ಬೆಳಗ್ಗೆ ಉಬ್ಬಿರುವುವನ್ನು ಬಿತ್ತತಕ್ಕದ್ದು. ಉಳಿದವಕ್ಕೆ ಮತ್ತೊಮ್ಮೆ ಅದೇ ಉಪಚಾರ. ಒಲೆಯ ಮೇಲಿಟ್ಟು ಬೇಯಿಸಿದರೆ ಮಾತ್ರ ಒಳಗಿನ ಭ್ರೂಣ ಸತ್ತೀತು.

ಸಸಿಯ ಮೊದಲ ಎಲೆಗಳು ಜಾಲಿಯವುಗಳಂತೆ ಗರಿಯಾಕಾರದವು. ಕ್ರಮೇಣ ಗರಿಗಳು ಮಾಯವಾಗಿ, ತೊಟ್ಟೇ ಚಪ್ಪಟೆಯಾಗಿ ಎಲೆಯ ಕಾರ್ಯವನ್ನು ವಹಿಸಿಕೊಳ್ಳುವುದು. ಇದನ್ನು ಕಾಣಲೆಂದೇ ಬೀಜದಿಂದ ಬೆಳೆಸಬೇಕೆಂಬುದು ನಮ್ಮ ಅಭಿಪ್ರಾಯ. ಬೇರು ಕುಂಡದೊಳಗೆ ಸುತ್ತಿಕೊಳ್ಳುವ ಮುನ್ನವೇ ಸಸಿಯನ್ನು ನೀರು ನಿಲ್ಲದ ನೆಲದಲ್ಲಿ ನೆಡಬೇಕು. ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಗೊಬ್ಬರದ ಅಗತ್ಯ ಅಲ್ಪ. ಹೂ ಉದುರಿದೊಡನೆ ತುದಿಗಳನ್ನು ಸವರುವುದೊಳ್ಳೆಯದು.

ಇಷ್ಟಾದರೂ ಬೀಜವನ್ನು ನಮ್ಮ ನಾಡಿಗೆ ತರಿಸಲು ನಾವು ಹೇಳೆವು. ಸೌದೆಗೆಂದೂ ತೊಗಲು ಹದಮಾಡುವ ತೊಗಟೆಗೆಂದೂ ನೀಲಗಿರಿ ಬೆಟ್ಟಗಳಿಗೆ ತಂದ ಇದೇ ಬಳಗದ ಕಪ್ಪು ವಾಟಲ್ ಅಲ್ಲಿನ ಹುಲ್ಲುಗಾವಲುಗಳನ್ನು ಆವರಿಸಿತು. ಮರ ಕಡಿದರೂ ನೆಲದಲ್ಲಿ ಹುದುಗಿದ ಬೀಜಗಳಿಂದ ಸಸಿಗಳು ಮತ್ತೆ ಏಳುತ್ತವೆ. ತೋಟಗಾರನನ್ನು ಕಾಡಿದ ಆ ಕವಚವೇ ಅವುಗಳ ರಕ್ಷಣೆ.

ಕುದಿನೀರಿನ ಪರಿಣಾಮವನ್ನು ಕರಿಜಾಲಿಯಿಂದಲೇ ಪರೀಕ್ಷಿಸಬಹುದು. ಇಪ್ಪತ್ತು ಬೀಜಗಳಿಗೆ ಕುದಿನೀರು, ಇಪ್ಪತ್ತಕ್ಕೆ ತಣ್ಣೀರು; ಎರಡನ್ನೂ ಬೇರೆ ಬೇರೆ ಕುಂಡಗಳಲ್ಲಿ ಬಿತ್ತಿ, ಮೂರು ವಾರ ಮೊಳಕೆಗಳನ್ನು ಎಣಿಸಿ ಬರೆದಿಡಿರಿ.